ಹೋದ ಸಲದ್ದಕ್ಕೂ ಈ ಸೂಜಿಗೂ

ಪುಟ್ಟಿ,

ಇಲ್ಲಿ ಸಮಾಚಾರ ಎಲ್ಲಾ ನಿಮ್ಮಮ್ಮ ಫೋನಲ್ಲಿ ಹೇಳಿರ್ತಾಳೆ, ಅದು ಬಿಡು. ಕೊನೇಲಿ ಬರೆದಿದ್ದೀಯಲ್ಲ, "ಹೋದ ಸಲ ಧನುರ್ವಾಯು ಬರದ ಹಂಗೆ ಹಾಕೋ ಟೀಟಿ ಸೂಜಿ ಹಾಕಿಸ್ಕೊಂಡ ವಾರಕ್ಕೇ ಗರ್ಭ ಹೋಯ್ತು ದೊಡ್ಡಮ್ಮ, ಈ ಸಲ ಆ ಸೂಜಿ ಬೇಡವೇ ಬೇಡ ಅನ್ಸ್ತಿದೆ" ಅಂತ, ಅದನ್ನ ಓದಿದಾಗಿಂದ ನಂಗೆ ನಿದ್ದೆ ಹತ್ತಿಲ್ಲ.

ನಂಗೆ ಗಂಡು ಎರಡೇ ಅಂದ್ಕೊಂಡಿದ್ದೀಯ ನೀನು. ಅವಕ್ಕಿಂತ ಮುಂಚೆ 1986ರಲ್ಲಿ ಒಂದು ಹೆಣ್ಣಾಗಿತ್ತು, ಮನೇಲಿ ಯಾರೂ ಆ ಮಾತು ಎತ್ತಲ್ಲ. ಆಗ ನರ್ಸಮ್ಮ ಸೂಜಿ ಹಾಕೋಕೆ ಊರಿಗೇ ಬರೋರು, ಆದ್ರೆ ಎಮರ್ಜೆನ್ಸಿ ಟೈಮಲ್ಲಿ ಮಕ್ಕಳಾಗದ ಹಂಗೆ ಮಾಡೋ ಆಪರೇಷನ್ನಿಗೆ ಹಿಡ್ಕೊಂಡು ಹೋಗಿದ್ದ ಭಯ ಜನಕ್ಕೆ ಇನ್ನೂ ಹೋಗಿರ್ಲಿಲ್ಲ, ಆ ಸೂಜಿ ಹಾಕಿಸ್ಕೊಂಡ್ರೆ ಮುಂದೆ ಮಕ್ಕಳೇ ಆಗಲ್ಲ ಅಂತ ನಮ್ಮತ್ತೆ. ನಾನು ಹುಲ್ಲಿನ ಮೆದೆ ಹಿಂದೆ ಅವಿತು ಕೂತಿದ್ದೆ. ಆ ನರ್ಸಮ್ಮ ಅಂಗಳದಲ್ಲಿ ನಿಂತು ಎರಡು ಸಲ ಕೂಗಿದ್ದು ಈಗ್ಲೂ ಕಿವೀಲಿದೆ.

ಹೆರಿಗೆ ಮನೇಲೇ ಆಯ್ತು. ಸೂಲಗಿತ್ತಿ ಹೊಕ್ಕುಳಬಳ್ಳಿನ ಕುಡುಗೋಲಲ್ಲೇ ಕುಯ್ದು ಬೆರಣಿ ಬೂದಿ ಹಚ್ಚಿದ್ಲು, ಅವಳದ್ದೂ ತಪ್ಪಲ್ಲ, ಎಲ್ಲರಿಗೂ ಹಂಗೇ ಮಾಡೋಳು. ಐದು ದಿನ ಚೆನ್ನಾಗಿ ಹಾಲು ಕುಡೀತು. ಆರನೇ ದಿನ ಬಾಯೇ ಬಿಡ್ಲಿಲ್ಲ, ನಾನು ಹಾಲು ಹಿಂಡಿ ತುಟಿಗೆ ಬಿಟ್ರೆ ಕೆನ್ನೆ ಮೇಲೆ ಇಳಿದು ಹೋಗೋದು. ಬಾಗ್ಲು ಸದ್ದಾದ್ರೂ ಸಾಕು, ಮೈಯೆಲ್ಲ ಸೆಟೆದು ಬಿಲ್ಲಿನ ಹಂಗೆ ಬಾಗೋದು, ಧನುರ್ವಾಯು ಅಂತ ಯಾಕಂತಾರೆ ಅಂತ ಅವತ್ತು ಗೊತ್ತಾಯ್ತು. ಗಾಳಿ ಸೋಕು ಅಂತ ತಾಯಿತ ಕಟ್ಟಿಸಿದ್ವಿ.

ಇರ್ಲಿ, ಬಸುರಿಗೆ ಇದನ್ನೆಲ್ಲ ಬರೀಬಾರ್ದಿತ್ತೇನೋ.

ನಿನ್ನದೇ ಮಾತಿಗೆ ಬರ್ತೀನಿ. ಮೂರನೇ ತಿಂಗಳೊಳಗೆ ಹೋಗೋದು ಬಹಳಷ್ಟು ಸಲ ಪಿಂಡವೇ ಸರಿಯಾಗಿ ಕಟ್ಟಿರಲ್ಲ ಅಂತ, ಸೂಜಿಯಿಂದ ಗರ್ಭ ಇಳಿಯಲ್ಲ ಅಂತ ಡಾಕ್ಟರೇ ಹೇಳ್ತಾರೆ. ನಿಂಗೆ ಒಂದಾದ್ಮೇಲೆ ಒಂದಾಯ್ತು, ಅದಕ್ಕೇ ಎರಡನ್ನೂ ಗಂಟು ಹಾಕ್ಕೊಂಡಿದ್ದೀಯ. ನಾನೂ ಮಗು ಹೋಗಿದ್ದನ್ನ ಅವತ್ತು ಅಡ್ಡ ಬಂದಿದ್ದ ಬೆಕ್ಕಿಗೆ ಗಂಟು ಹಾಕಿದ್ದೆ ಕಣೇ.

ನಿಮ್ಮನೆಯವರು ಈ ಕಾಲದಲ್ಲಿ ಯಾರಿಗೆ ಬರುತ್ತೆ ಅಂದ್ರಂತೆ. ಎಳೇ ಕೂಸುಗಳಿಗೆ ಬರೋ ಧನುರ್ವಾಯು ದೇಶದಲ್ಲಿ ಹತೋಟಿಗೆ ಬಂತು ಅಂತ 2015ರಲ್ಲೇ ಘೋಷಣೆ ಆಗಿದೆ, ನಿಜ, ಆದ್ರೆ ಅದರ ರೋಗಾಣು ಮಣ್ಣಲ್ಲಿ ಸಗಣೀಲಿ ಇದ್ದೇ ಇದೆ, ಪೋಲಿಯೋ ಥರ ಒಬ್ರಿಂದ ಒಬ್ರಿಗೆ ಅಂಟೋದಲ್ಲ, ಅಕ್ಕಪಕ್ಕದೋರೆಲ್ಲ ಹಾಕಿಸ್ಕೊಂಡಿದ್ದಾರೆ ಅಂತ ನಿನ್ನ ಮಗು ಬಚಾವಾಗಲ್ಲ. ಸೂಜಿಯಿಂದ ನಿನ್ನ ರಕ್ತದಲ್ಲಿ ಅದನ್ನ ತಡೆಯೋ ಶಕ್ತಿ ಬಂದ್ರೆ ತಾನೆ ಮಗೂಗೂ ಸಿಗೋದು.

ಈಗ ಟೀಟಿ ಅಲ್ಲ, ಟೀಡಿ ಅಂತ ಕೊಡ್ತಾರೆ, ಗಂಟಲುಮಾರಿದೂ ಅದ್ರಲ್ಲೇ ಸೇರಿದೆ. ಎರಡು ಸಲ, ನಡುವೆ ನಾಲ್ಕು ವಾರ ಬಿಟ್ಟು. ಹೋದ ಸಲ ಒಂದು ಆಗಿತ್ತಲ್ಲ, ಹಳೇ ತಾಯಿ ಕಾರ್ಡ್ ಇದ್ರೆ ಜೊತೇಲಿ ತಗೊಂಡ್ಹೋಗು, ಲೆಕ್ಕ ಅವರೇ ನೋಡ್ಕೋತಾರೆ. ತೋಳು ಒಂದೆರಡು ದಿನ ನೋಯುತ್ತೆ, ಅಷ್ಟೇ. ನಾನೇನು ಡಾಕ್ಟರಲ್ಲ, ನಿನ್ನ ಭಯಾನ ನಂಗೆ ಬರೆದ ಹಂಗೇ ಅವರಿಗೂ ಬಾಯಿಬಿಟ್ಟು ಹೇಳು, ನಾಚ್ಕೋಬೇಡ.

ಒಬ್ಳೇ ಹೋಗೋಕಾಗಲ್ಲ ಅಂದ್ರೆ ನಾನೇ ಬೆಳಗಿನ ಬಸ್ಸಿಗೆ ಬರ್ತೀನಿ, ಮಂಡಿನೋವು ಏನೂ ಪರವಾಗಿಲ್ಲ. ಆ ಹೆಣ್ಣಿನ ವಿಷ್ಯ ನಿಮ್ಮಮ್ಮನ ಹತ್ರ ಎತ್ತಬೇಡ.

ನಿನ್ನ ದೊಡ್ಡಮ್ಮ