ಊರಿಗೆ ಬರುವ ಮುಂಚೆ ಆ ಮನೆಯನ್ನೊಮ್ಮೆ ನೋಡಿ ಬನ್ನಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ ತಿಂಗಳಲ್ಲಿ ನಿಮ್ಮ ಪತ್ರಿಕೆಯಲ್ಲಿ ಮಳೆಗಾಲಕ್ಕೆ ಮುಂಚೆ ಮನೆ ಜೋಪಾನ ಮಾಡಿಕೊಳ್ಳುವ ಬಗ್ಗೆ ಒಂದು ಬರಹ ಬಂದೇ ಬರುತ್ತದೆ. ಹೆಂಚು ಕೈಯಾಡಿಸಿ, ಸೂರಿನ ನೀರು ಹರಿಯುವ ದೋಣಿಯ ಕಸ ತೆಗೆಸಿ, ಅರ್ತಿಂಗ್ ನೋಡಿಸಿ ಅಂತ. ಸಾಗರ ತಾಲ್ಲೂಕಿನವನಾದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನಿ. ಆದರೆ ಈಗ ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುವವರಲ್ಲಿ ಮಳೆಯೇ ಸರಿಯಾಗಿ ಬಾರದ ಊರಿನವರೂ ಇದ್ದಾರೆ. ನನ್ನ ಮಗ ಅವರಲ್ಲೊಬ್ಬ. ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಅವನ ಮನೆ. ಚಿಪ್ ಕಾರ್ಖಾನೆಗಳ ಊರು, ಕನ್ನಡದವರೂ ಸಾಕಷ್ಟಿದ್ದಾರೆ. ಅಂಥವರಿಗಾಗಿ, ಅದಕ್ಕಿಂತ ಜಾಸ್ತಿ ಇಲ್ಲಿರುವ ಅವರ ಅಪ್ಪ ಅಮ್ಮಂದಿರಿಗಾಗಿ ಈ ಪತ್ರ.

ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. 2023ರ ಜೂನ್‌ನಲ್ಲಿ ಮಗ, ಸೊಸೆ, ಮೊಮ್ಮಗಳು ಊರಿಗೆ ಬಂದಿದ್ದರು. ಅಲ್ಲಿ ಶಾಲೆ ಮೇ ಕೊನೆಗೆ ಮುಚ್ಚಿ ಜುಲೈ ಮೂರನೇ ವಾರಕ್ಕೆಲ್ಲ ತೆರೆಯುತ್ತದೆ. ಹಾಗಾಗಿ ಊರಿಗೆ ಬರುವುದಿದ್ದರೆ ಆಗಲೇ ಬರಬೇಕು. ಅಂದರೆ ಬಿಸಿಲು ನೆತ್ತಿಗೇರಿದ ಹೊತ್ತಿಗೆ ಸರಿಯಾಗಿ ಆ ಮನೆಗಳಿಗೆ ಬೀಗ ಬೀಳುತ್ತದೆ. ಎ.ಸಿ.ಯನ್ನು 85 ಡಿಗ್ರಿ ಫ್ಯಾರನ್‌ಹೀಟ್‌ಗೆ, ನಮ್ಮ ಲೆಕ್ಕದಲ್ಲಿ 29ರ ಮೇಲೆ ಚೂರು, ಇಟ್ಟು ಬಂದಿದ್ದ. ಅಷ್ಟು ಸಾಕು ಅಂದುಕೊಂಡಿದ್ದ.

ಜುಲೈ ಎರಡನೇ ವಾರ ಎಲ್ಲರೂ ಜೋಗಕ್ಕೆ ಹೋದೆವು. ಭರ್ಜರಿ ಮಳೆ, ಮಂಜು. ಜಲಪಾತ ಕಾಣುವುದಕ್ಕಿಂತ ಕೇಳುವುದೇ ಜಾಸ್ತಿ. ಛತ್ರಿ ಹಿಡಿದು ಜೋಳ ತಿನ್ನುತ್ತಿದ್ದಾಗ ಮಗನ ಮೊಬೈಲ್ ಕಿಣಿ ಅಂದಿತು. ಚಾಂಡ್ಲರ್ ಮನೆಯೊಳಗೆ 104 ಡಿಗ್ರಿ. ಅಂದರೆ 40 ಸೆಲ್ಸಿಯಸ್, ಅದೂ ಮನೆಯ ಒಳಗೆ! ಆ ವರ್ಷ ಫೀನಿಕ್ಸ್‌ನಲ್ಲಿ ಜೂನ್ 30ರಿಂದ ಜುಲೈ 30ರವರೆಗೆ 31 ದಿನ ಒಂದೇ ಸಮನೆ 110 ಡಿಗ್ರಿ, ಅಂದರೆ 43 ಸೆಲ್ಸಿಯಸ್ ಮುಟ್ಟಿತ್ತು, ಇಲ್ಲವೇ ದಾಟಿತ್ತು. ಒಂದು ರಾತ್ರಿಯಂತೂ 97ಕ್ಕಿಂತ, ಅಂದರೆ 36 ಸೆಲ್ಸಿಯಸ್‌ಗಿಂತ ಕೆಳಗಿಳಿಯಲೇ ಇಲ್ಲ. ಕಲಬುರ್ಗಿ, ರಾಯಚೂರಿನವರಿಗೆ ಹಗಲಿನ ಆ ಬಿಸಿಲು ಗೊತ್ತು. ರಾತ್ರಿಯೂ ಹಾಗೇ ಇದ್ದರೆ?

ಬೀಗದ ಕೈ ಪಕ್ಕದ ಮನೆಯ ತೆಲುಗಿನವರ ಹತ್ತಿರ ಇತ್ತು. ಅವರು ಹೋಗಿ ನೋಡಿದರೆ ಒಳಗಿನ ಗಾಳಿ ಬೀಸುತ್ತಿದೆ, ಆದರೆ ಬಿಸಿ. ಹೊರಗಿನ ಯೂನಿಟ್ ಗುಂಯ್‌ಗುಡುತ್ತಿದೆ, ತಿರುಗುತ್ತಿಲ್ಲ. ಆ ಸೆಕೆಯಲ್ಲಿ ರಿಪೇರಿಯವರು ಸಿಗಲು ಎರಡು ದಿನ ಬೇಕಾಯಿತು. ಮೊದಲು ಬಂದವನು ಯೂನಿಟ್ ಹಳೆಯದಾಗಿದೆ, ಹೊಸದು ಹಾಕಿಸಿ, 14 ಸಾವಿರ ಡಾಲರ್ ಅಂದ. ಮಗ ಫೋನಿನಲ್ಲಿ ಒಪ್ಪಿಕೊಳ್ಳುವುದರಲ್ಲಿದ್ದ. ನಾನು ತಡೆದೆ. ವಿದ್ಯುತ್ ಇಲಾಖೆಯಲ್ಲಿ 34 ವರ್ಷ ಕಳೆದವನು ನಾನು. ಗುಂಯ್‌ಗುಟ್ಟಿ ತಿರುಗದ ಮೋಟಾರ್ ಅಂದರೆ ಮೊದಲು ನೋಡಬೇಕಾದ್ದು ಕಂಡೆನ್ಸರ್, ಅಂದರೆ ಮೋಟಾರ್ ತಿರುಗಲು ನೆರವಾಗುವ ಕೆಪಾಸಿಟರ್. ನಮ್ಮ ಸೀಲಿಂಗ್ ಫ್ಯಾನಿನಲ್ಲೂ ಅದೇ ತಾನೇ ಹೋಗುವುದು? ಎರಡನೆಯವನನ್ನು ಕರೆಸಿದರು. ಮುಚ್ಚಳ ತೆಗೆದರೆ ಹಾಲಿನ ಲೋಟದಷ್ಟು ದಪ್ಪದ ಡಬ್ಬಿ, ತಲೆ ಉಬ್ಬಿ ಕೂತಿತ್ತು. ಇಪ್ಪತ್ತು ನಿಮಿಷದ ಕೆಲಸ. ಬಿಲ್ಲು 280 ಡಾಲರ್, ಅದರಲ್ಲಿ ಸಾಮಾನಿನ ಬೆಲೆ ಮೂವತ್ತೂ ಇರಲಿಕ್ಕಿಲ್ಲ. ಎಂಟು ವರ್ಷ ಆ ಬಿಸಿಲಿನಲ್ಲಿ ಬೆಂದ ಕಂಡೆನ್ಸರ್ ಅದು. ಒಬ್ಬರೂ ಒಮ್ಮೆಯೂ ಮೀಟರ್ ಹಿಡಿದು ನೋಡಿರಲಿಲ್ಲ.

ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ದೇವರ ಗೂಡಿನ ಮೇಣದ ಬತ್ತಿಗಳು ಬಾಗಿ ಕೊಂಡಿಯಾಗಿದ್ದವು. ಅತಿಥಿಗಳ ಬಚ್ಚಲಲ್ಲಿ ನೆಲದ ಕೆಳಗಿನ ಬಾಗಿದ ಪೈಪಿನಲ್ಲಿ ನಿಲ್ಲಬೇಕಾದ ನೀರು ಆರಿ, ಚರಂಡಿಯ ವಾಸನೆ ಮನೆಯೆಲ್ಲ ತುಂಬಿತ್ತು, ಹಿಂದೆಯೇ ಜಿರಳೆ. ಸೊಸೆಗೆ ಅಳು ಬಂದದ್ದು ಮಾತ್ರ ವೀಣೆ ನೋಡಿ. ವೀಣೆಯ ಮೆಟ್ಟಿಲುಗಳನ್ನು ಕೂರಿಸುವುದು ಮೇಣದಲ್ಲಿ ಅಲ್ವಾ? ಮೇಣ ಮೆತ್ತಗಾಗಿ ಮೆಟ್ಟಿಲುಗಳು ಒಂದು ಕಡೆಗೆ ವಾಲಿದ್ದವು. ಅರಿಜೋನಾದಲ್ಲಿ ವೀಣೆಗೆ ಮೇಳ ಕಟ್ಟುವವರನ್ನು, ಅಂದರೆ ಮೇಣ ಹಾಕಿ ಮೆಟ್ಟಿಲು ಕೂರಿಸುವವರನ್ನು, ಎಲ್ಲಿಂದ ತರುವುದು?

ಮನೆಯಲ್ಲಿ ಯಾರೂ ಇರಲಿಲ್ಲವಲ್ಲ, ಅದೊಂದು ಪುಣ್ಯ. ಅದೇ ವರ್ಷ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ ಬಿಸಿಲಿನ ಕಾರಣಕ್ಕೆ 645 ಜನ ತೀರಿಕೊಂಡರು ಅಂತ ಅಲ್ಲಿನ ಆರೋಗ್ಯ ಇಲಾಖೆಯ ವರದಿ ಹೇಳುತ್ತದೆ. ಮನೆಯೊಳಗೇ ಸತ್ತವರಲ್ಲಿ ಹೆಚ್ಚಿನವರ ಮನೆಯಲ್ಲಿ ಎ.ಸಿ. ಇತ್ತು, ಆದರೆ ಓಡುತ್ತಿರಲಿಲ್ಲ. ಮಕ್ಕಳ ಮನೆಗೆ ಹೋಗಿ ಬೇಸಿಗೆಯಲ್ಲಿ ಒಬ್ಬರೇ ಕೂರುವ ನಮ್ಮಂಥ ಎಪ್ಪತ್ತರ ಹತ್ತಿರದವರು ಇದನ್ನು ಎರಡು ಸಲ ಓದಬೇಕು.

ಮರುವರ್ಷ, 2024ರ ಫೆಬ್ರವರಿಯಲ್ಲಿ ನಾನೂ ಹೆಂಡತಿಯೂ ಅಲ್ಲಿಗೆ ಹೋದೆವು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿನ ಹವೆ ನಮ್ಮ ಬೆಂಗಳೂರಿನ ಹಾಗೆ. ಸುಮ್ನೆ ಕೂರಲಾಗದ ನಾನು ಸ್ಕ್ರೂ ಡ್ರೈವರ್ ಹಿಡಿದು ಮನೆ ಸುತ್ತತೊಡಗಿದೆ. ಆಗ ಒಂದು ವಿಷಯ ತಿಳಿಯಿತು. ನಮ್ಮ ಮಲೆನಾಡಿನಲ್ಲಿ ಮನೆಗೆ ಶತ್ರು ಪಡುವಣ ದಿಕ್ಕು. ಎರಚಲು ಹೊಡೆಯುವುದು ಆ ಕಡೆಯಿಂದ. ಅದಕ್ಕೇ ಮಳೆಗಾಲಕ್ಕೆ ಮೊದಲು ಪಡುವಣ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಿದ್ದೆವು. ಮರುಭೂಮಿಯಲ್ಲೂ ಹಾಳಾಗುವುದು ಪಡುವಣ ಗೋಡೆಯೇ. ಅಲ್ಲಿ ನೀರಲ್ಲ, ಮಧ್ಯಾಹ್ನ ಎರಡರಿಂದ ಏಳರವರೆಗಿನ ಬಿಸಿಲು. ಮಗನ ಮನೆಯ ಪಡುವಣ ಕಡೆ ಬಣ್ಣ ಕೈಗೆ ಪುಡಿಯಾಗಿ ಬರುತ್ತಿತ್ತು. ಕಿಟಕಿ ಸುತ್ತ ತುಂಬಿದ್ದ ಸೀಲಂಟ್ ಒಣಗಿ ಹಪ್ಪಳದ ಹಾಗೆ ಎದ್ದಿತ್ತು. ತೋಟದ ಹನಿ ನೀರಾವರಿಗೆ ಬಂದ ಬಿಳಿ ಪಿ.ವಿ.ಸಿ. ಪೈಪು ಬರೀ ಬೆರಳಲ್ಲಿ ಒತ್ತಿದ್ದಕ್ಕೆ ಪಟ್ ಅಂತ ಒಡೆಯಿತು. ಮೂಡಣ ಕಡೆಯ ಗೋಡೆ ನೋಡಿದರೆ ಹೊಸದರ ಹಾಗಿದೆ! ನಾಲ್ಕೂ ಗೋಡೆಗೆ ಬಣ್ಣ ಹೊಡೆಸುವುದಕ್ಕೆ ದುಡ್ಡಿಲ್ಲದಿದ್ದರೆ ಪಡುವಣದ್ದೊಂದನ್ನು ಹೊಡೆಸಿ ಸಾಕು ಅಂದೆ. ಮಗ ನಕ್ಕ, ಆಮೇಲೆ ಹೊಡೆಸಿದ.

ಹೆಂಚಿನ ವಿಷಯಕ್ಕೆ ಬರುತ್ತೇನೆ. ಅಲ್ಲೂ ಹೆಂಚಿದೆ, ಸಿಮೆಂಟಿನದು. ಐವತ್ತು ವರ್ಷ ಬಾಳುತ್ತದೆ ಅಂತ ಮಗ ಆರಾಮಾಗಿದ್ದ. ಹೆಂಚು ಬಾಳುತ್ತದೆ, ನಿಜ. ಆದರೆ ಅಲ್ಲಿ ಮಳೆ ನೀರನ್ನು ಕೊನೆಗೆ ತಡೆಯುವುದು ಹೆಂಚಲ್ಲ, ಅದರ ಕೆಳಗೆ ಹಾಸಿದ ಟಾರಿನ ಕಾಗದ. ಅದು ಬಿಸಿಗೆ ಬೆಂದು ಬೆಂದು ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಪುಡಿಯಾಗುತ್ತದೆ. ನಮ್ಮ ಮಂಗಳೂರು ಹೆಂಚಿನಲ್ಲಿ ಅಟ್ಟಕ್ಕೆ ಹತ್ತಿ ತಲೆ ಎತ್ತಿದರೆ ಎಲ್ಲಿ ಬೆಳಕು ಬರುತ್ತದೋ ಅಲ್ಲಿ ಹೆಂಚು ಸರಿದಿದೆ ಅಂತ ತಿಳಿಯುತ್ತಿತ್ತು. ಅಲ್ಲಿ ಏನೂ ಕಾಣಿಸುವುದಿಲ್ಲ. ಕಾಣಿಸುವುದು ಚಾವಣಿಯಲ್ಲಿ ಕಲೆ ಬಿದ್ದ ಮೇಲೆ. 2003ರಲ್ಲಿ ಕಟ್ಟಿದ ಮನೆ, ಅಂದರೆ ಸರಿಯಾಗಿ ಆ ವಯಸ್ಸು. ಕೆಲಸದವನು ನಾಲ್ಕು ಹೆಂಚು ಎತ್ತಿ ತೋರಿಸಿದ. ಕಾಗದ ಕೈಗೆ ಚೂರು ಚೂರಾಗಿ ಬಂತು.

ಮಿಕ್ಕದ್ದು ಬೇಗ ಹೇಳುತ್ತೇನೆ. ನೀರು ಬಲು ಗಡಸು. ಒಂದಷ್ಟು ಕೊಲೊರಾಡೊ ನದಿಯಿಂದ 540 ಕಿ.ಮೀ. ಉದ್ದದ ಕಾಲುವೆಯಲ್ಲಿ ಬರುತ್ತದೆ. ಬಿಸಿನೀರಿನ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿದರೆ ಸುಣ್ಣದ ಹರಳು ಎರಡು ಬೊಗಸೆ ಬಂತು. ವರ್ಷಕ್ಕೊಮ್ಮೆ ಹಾಗೆ ತೊಳೆಯಬೇಕು. ಬಾಗಿಲ ಕೆಳಗಿನ ರಬ್ಬರ್ ಪಟ್ಟಿ ಒಣಗಿ ಸೀಳಿದರೆ ತಂಪು ಹೋಗುತ್ತದೆ, ಅದರ ಜೊತೆ ಚೇಳು ಬರುತ್ತದೆ. ಅಲ್ಲಿನ ಸಣ್ಣ ಕಂದು ಚೇಳಿಗೆ ಒಂದು ಎಳೆ ಸಂದು ಸಾಕು. ರಾತ್ರಿ ನೇರಳೆ ಬೆಳಕಿನ ಟಾರ್ಚ್ ಬಿಟ್ಟರೆ ಅದು ಹಸಿರಾಗಿ ಹೊಳೆಯುತ್ತದೆ. ಮೊಮ್ಮಗಳಿಗೆ ಅದೊಂದು ಆಟ, ನನ್ನ ಹೆಂಡತಿಗೆ ಮಾತ್ರ ರಾತ್ರಿ ನಿದ್ದೆ ಇಲ್ಲ.

ಇಷ್ಟೆಲ್ಲ ಮಾಡಿಯೂ ನಾನು ಒಂದನ್ನು ಮರೆತೆ. ಎ.ಸಿ.ಯಿಂದ ನೀರು ಹೊರಗೆ ಹೋಗುವ ಸಣ್ಣ ಪೈಪು. ಜೂನ್‌ನಲ್ಲಿ ಅಲ್ಲಿನ ಹವೆ ಎಷ್ಟು ಒಣ ಅಂದರೆ ಎ.ಸಿ.ಯಿಂದ ನೀರೇ ಹೆಚ್ಚು ಬರುವುದಿಲ್ಲ. ಪೈಪು ಕಟ್ಟಿದ್ದರೂ ಗೊತ್ತಾಗುವುದಿಲ್ಲ. ಜುಲೈನಲ್ಲಿ ಅವರ ಮಾನ್ಸೂನ್. ಮಳೆ ಬರಲಿ ಬಿಡಲಿ, ಗಾಳಿಗೆ ತೇವ ಬರುತ್ತದೆ. ಮಳೆಗೆ ಮುಂಚೆ ಧೂಳಿನ ಬಿರುಗಾಳಿ, ಊರನ್ನೇ ನುಂಗುವ ಕೆಂಪು ಗೋಡೆಯ ಹಾಗೆ. ಆ ಧೂಳೂ ಈ ತೇವವೂ ಸೇರಿ ಪೈಪಿನಲ್ಲಿ ಪಾಚಿಯ ಲೋಳೆ. ಒಂದು ಬೆಳಗ್ಗೆ ಮಲಗುವ ಕೋಣೆಯ ಕಿಟಕಿಯ ಮೇಲಿನ ತುಂಡು ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎ.ಸಿ. ಚೆನ್ನಾಗಿ ಕೆಲಸ ಮಾಡುತ್ತಿದೆ ಅಂದುಕೊಂಡೆ ನಾನು! ಪಕ್ಕದ ಮನೆಯವರು ಓಡಿಬಂದು ಹೇಳಿದರು, ಅದು ಎಚ್ಚರಿಕೆಯ ಪೈಪು. ಮೊದಲನೆಯದು ಕಟ್ಟಿ, ಅಟ್ಟದಲ್ಲಿ ಎ.ಸಿ.ಯ ಕೆಳಗಿಟ್ಟ ತಟ್ಟೆ ತುಂಬಿದಾಗ ಮಾತ್ರ ಅದರಲ್ಲಿ ನೀರು ಬರುತ್ತದೆ. ಬೇಕೆಂದೇ ಕಣ್ಣಿಗೆ ಬೀಳುವ ಹಾಗೆ ಕಿಟಕಿಯ ಮೇಲೆ ಇಟ್ಟಿರುತ್ತಾರಂತೆ. ಆವತ್ತಿನಿಂದ ತಿಂಗಳಿಗೊಂದು ಲೋಟ ವಿನೆಗರ್ ಆ ಮೊದಲನೆಯ ಪೈಪಿಗೆ, ತಿಂಗಳಿಗೊಂದು ಹೊಸ ಫಿಲ್ಟರ್ ಒಳಗಿನ ಯೂನಿಟ್‌ಗೆ.

ಒಂದು ಮಾತು ಎಚ್ಚರಿಕೆಯಾಗಿ ಹೇಳಬೇಕು. ಕಂಡೆನ್ಸರ್ ನೀವೇ ಬದಲಿಸಲು ಹೋಗಬೇಡಿ. ಅಲ್ಲಿ 240 ವೋಲ್ಟ್ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಆ ಡಬ್ಬಿ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಮಾರ್ಚ್‌ನಲ್ಲಿ ಬಲ್ಲವರನ್ನು ಕರೆಸಿ ಅಳತೆ ನೋಡಿಸಿ. ಆಗ ಅವರು ಪುರುಸೊತ್ತಾಗಿರುತ್ತಾರೆ, ದರವೂ ಕಡಿಮೆ. ಜುಲೈನಲ್ಲಿ ಅವರೇ ರಾಜರು.

ಈ ಜೂನ್‌ಗೆ ಮಗನ ಸಂಸಾರ ಮತ್ತೆ ಊರಿಗೆ ಬರುತ್ತಿದೆ. ನಮ್ಮ ಬೀದಿಯಲ್ಲೇ ಇನ್ನೂ ಮೂರು ಮನೆಯ ಮಕ್ಕಳು ಮರಳುಗಾಡಿನ ಊರುಗಳಲ್ಲಿದ್ದಾರೆ, ಇಬ್ಬರು ದುಬೈಯಲ್ಲಿ, ಒಬ್ಬಳು ಲಾಸ್ ವೇಗಸ್‌ನಲ್ಲಿ. ಫೋನಿನಲ್ಲಿ ನಾವು ಕೇಳುವುದು ಟಿಕೆಟ್ ಆಯಿತಾ, ಎಷ್ಟು ದಿನ ಇರುತ್ತೀರಿ ಅಂತ ಮಾತ್ರ. ಇನ್ನು ಮೇಲೆ ನಾನು ಬೇರೆ ಪ್ರಶ್ನೆಗಳನ್ನೂ ಕೇಳುತ್ತಿದ್ದೇನೆ. ಮನೆಯ ನೀರಿನ ಮುಖ್ಯ ವಾಲ್ವ್ ಮುಚ್ಚುತ್ತೀಯಾ? ಬಚ್ಚಲ ಜಾಲರಿಗಳಿಗೆ ಒಂದು ಚೊಂಬು ನೀರು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕುತ್ತೀಯಾ? ಎಣ್ಣೆ ಮೇಲೆ ತೇಲಿ ನೀರು ಆರುವುದನ್ನು ತಡೆಯುತ್ತದೆ. ವಾರಕ್ಕೊಮ್ಮೆ ಒಳಗೆ ಹೋಗಿ ನೋಡುವವರು ಯಾರು?

ಹಾಗಾಗಿ ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಮೇ ತಿಂಗಳ ಮಳೆಗಾಲದ ಬರಹ ಇರಲಿ. ಜೊತೆಗೆ ಯುಗಾದಿಯೊಳಗೆ ಬಿಸಿಲೂರಿನ ಮನೆಗಳ ಬಗ್ಗೆಯೂ ಬಲ್ಲವರಿಂದ ಒಂದು ಪುಟ ಬರೆಸಿ. ನಮ್ಮ ಕಲಬುರ್ಗಿ, ರಾಯಚೂರಿನವರಿಗೂ ಅರ್ಧಕ್ಕರ್ಧ ಉಪಯೋಗಕ್ಕೆ ಬರುತ್ತದೆ.

ಅಂದಹಾಗೆ ವೀಣೆಯನ್ನು ಮಗ 2023ರ ಡಿಸೆಂಬರ್‌ನಲ್ಲಿ ಊರಿಗೆ ತಂದು ಮೈಸೂರಿನಲ್ಲಿ ಮೇಳ ಕಟ್ಟಿಸಿಕೊಂಡು ಹೋದ. ಈ ಸಲ ಅವರು ಹೊರಡುವ ಹಿಂದಿನ ದಿನ ಅದು ಪಕ್ಕದ ತೆಲುಗಿನವರ ಮನೆಗೆ ಹೋಗುತ್ತದೆ.

ಇತಿ,
ಒಬ್ಬ ನಿವೃತ್ತ ವಿದ್ಯುತ್ ಇಲಾಖೆ ನೌಕರ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
ಫೆಬ್ರವರಿ 2025