ಮೂರನೇ ಮಷೀನು

ಪ್ರೀತಿಯ ಪುಟ್ಟಿ,

"ಯಾವ ಕೆಲಸದ ಹಿಂದೆ ಯಾವುದನ್ನು ಹಾಕಿದರೆ ಎಲ್ಲ ಬೇಗ ಮುಗಿಯುತ್ತೆ ಅನ್ನೋ ಲೆಕ್ಕ ಎರಡು ಮಷೀನಿಗೆ ಬಂತು, ಮೂರಕ್ಕೆ ಎಷ್ಟು ಹೆಣಗಿದರೂ ಆಗ್ತಿಲ್ಲ, ನನಗೆ ತಲೆ ಇಲ್ಲ ಬಿಡಮ್ಮ" ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ದೀಪಾವಳಿಗೆ ಬಂದಾಗ ನೀನು ಬಿಟ್ಟುಹೋದ ನೋಟ್ಸ್ ಹಿಡಿದು ಕೂತೆ.

ಹಾಸನದ ನಮ್ಮ ಕ್ಯೂರಿಂಗ್ ವರ್ಕ್ಸ್ ನೀನು ನೋಡಿದ್ದೀಯ. ಕಾಫಿ ಮೊದಲು ಸಿಪ್ಪೆ ತೆಗೆಯುವ ಹಲ್ಲರಿಗೆ, ಆಮೇಲೆ ಗಾತ್ರ ನೋಡಿ ಬೇರ್ಪಡಿಸುವ ಗ್ರೇಡರಿಗೆ. ಒಬ್ಬರ ಲಾಟು ಇನ್ನೊಬ್ಬರದಕ್ಕೆ ಬೆರೆಯಬಾರದು. ಸೋಮವಾರ ಮೂರು ಲಾಟು ಬಂದಿದ್ದವು. ಸಕಲೇಶಪುರದ್ದಕ್ಕೆ ಹಲ್ಲರಿನಲ್ಲಿ 4 ಗಂಟೆ, ಗ್ರೇಡರಿನಲ್ಲಿ 1. ಆಲೂರಿನದಕ್ಕೆ 3 ಮತ್ತು 3. ಬೇಲೂರಿನದಕ್ಕೆ 1 ಮತ್ತು 3. ನಿನ್ನ ನೋಟ್ಸಿನ ಜಾನ್ಸನ್ ಸೂತ್ರ, 1954ರದ್ದು, ಹಾಕಿಯೇ ಬಿಟ್ಟೆ. ಎಲ್ಲಕ್ಕಿಂತ ಕಡಿಮೆ ಹೊತ್ತು ಮೊದಲ ಮಷೀನಿನಲ್ಲಿದ್ದರೆ ಆ ಲಾಟು ಮುಂದಕ್ಕೆ, ಎರಡನೆಯದರಲ್ಲಿದ್ದರೆ ಕೊನೆಗೆ. ಉಳಿದವಕ್ಕೂ ಹೀಗೇ. ಬೇಲೂರು, ಆಲೂರು, ಸಕಲೇಶಪುರ. 9 ಗಂಟೆಯಲ್ಲಿ ಮುಗಿಯಿತು. ತಿರುಗಾಮುರುಗಾ ಹಾಕಿದ್ದರೆ 13 ಗಂಟೆ! 22 ವರ್ಷ ಅಲ್ಲಿ ದುಡಿದಿದ್ದೇನೆ, ಇಷ್ಟು ಚಂದದ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಮೂರನೆಯದಾಗಿ ಬಣ್ಣ ನೋಡಿ ಬೀಜ ಆರಿಸುವ ಮಷೀನು ಸೇರಿಸಿದರೆ ಕಥೆಯೇ ಬೇರೆ. ಇದು ಎನ್‌ಪಿ-ಹಾರ್ಡ್, ಅಂದರೆ ಬೇಗ ಬಿಡಿಸುವ ದಾರಿ ಗೊತ್ತಿಲ್ಲದ ಕಷ್ಟದ ಲೆಕ್ಕಗಳ ಗುಂಪಿನದು, ಅಂತ ಗ್ಯಾರಿ, ಜಾನ್ಸನ್, ಸೇಥಿ 1976ರಲ್ಲೇ ತೋರಿಸಿಕೊಟ್ಟರು. ಈ ಜಾನ್ಸನ್ ಬೇರೆಯವರು. ಲಾಟು ಎಷ್ಟೇ ಇರಲಿ, ಬೇಗನೆ ಸರಿಯುತ್ತರ ಕೊಡುವ ದಾರಿ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಅಂಥ ದಾರಿ ಇಲ್ಲವೇ ಇಲ್ಲ ಅಂತಲೂ ಯಾರೂ ಸಾಧಿಸಿಲ್ಲ. ಯಾವುದರ ಹಿಂದೆ ಯಾವುದು ಅಂತ ನೀನು ಬರೆದುಕೊಟ್ಟರೆ, ಸಂಜೆ ಆರಕ್ಕೆ ಮುಗಿಯುತ್ತೋ ಇಲ್ಲವೋ ನಾನೇ ಕೂಡಿ ಹೇಳುತ್ತೇನೆ. ಅತಿ ಬೇಗ ಮುಗಿಯುವ ಸಾಲನ್ನು ಹುಡುಕುವುದು ಕಷ್ಟ. 10 ಲಾಟನ್ನು 36,28,800 ಥರ ಜೋಡಿಸಬಹುದು. 20 ಆದರೆ ಅದು 19 ಅಂಕಿಯ ಸಂಖ್ಯೆ.

ಇಂಥದ್ದರ ಮುಂದೆ ಕೂತು ನೀನು ನಿನ್ನನ್ನೇ ಬೈದುಕೊಂಡೆ, ಅಲ್ವಾ? ನನಗೆ ಅದೇ ಸಂಕಟ. ನಿನ್ನ ರಿಪೋರ್ಟಿನಲ್ಲಿ ಮೂರು ಮಷೀನಿನ ಲೆಕ್ಕ ಎನ್‌ಪಿ-ಹಾರ್ಡ್ ಅಂತ ಧೈರ್ಯವಾಗಿ ಬರೆ.

ಇನ್ನೊಂದು. ನೋಟ್ಸಿನ ಅಂಚಿನಲ್ಲಿ ನೀನೇ ಪೆನ್ಸಿಲಿನಲ್ಲಿ ಬರೆದಿದ್ದೀಯ, ಮರೆತಿರಬೇಕು. ನಡುವಿನ ಮಷೀನಿನ ಅತಿ ಹೆಚ್ಚಿನ ಹೊತ್ತು, ಮೊದಲನೆಯದರ ಅಥವಾ ಮೂರನೆಯದರ ಅತಿ ಕಡಿಮೆ ಹೊತ್ತನ್ನು ಮೀರದಿದ್ದರೆ ಹಳೇ ಸೂತ್ರವೇ ಸಾಕು. ಪ್ರತಿ ಲಾಟಿಗೂ ಒಂದನೇ, ಎರಡನೇ ಮಷೀನಿನ ಹೊತ್ತು ಕೂಡಿಸು. ಹಾಗೇ ಎರಡನೇ, ಮೂರನೇ ಮಷೀನಿನದೂ ಕೂಡಿಸು. ಈ ಎರಡು ಮೊತ್ತಗಳನ್ನೇ ಎರಡು ಮಷೀನಿನ ಹೊತ್ತು ಅಂದುಕೊಂಡು ಜೋಡಿಸು. ನಿನ್ನ ಅಂಕಿಗಳು ಹಾಗಿವೆಯಾ ಅಂತ ಇವತ್ತೇ ನೋಡು. ರಾತ್ರಿ ಎಷ್ಟೊತ್ತಾದರೂ ಸರಿ, ಫೋನ್ ಮಾಡು.

ನಿನ್ನ
ಅಮ್ಮ