ಶನಿವಾರದ ಮ್ಯಾಡಿಸನ್ (ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ) ಸುತ್ತಾಟ: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಗ್ಗೆ 9ಕ್ಕೆ ಕ್ಯಾಪಿಟಲ್ (ರಾಜ್ಯ ಶಾಸನಸಭೆಯ ಭವನ) ಸುತ್ತಲಿನ ಚೌಕದ ರೈತರ ಸಂತೆಯಲ್ಲಿ ಸೇರೋಣ. ಅಲ್ಲಿ ಅಪ್ರದಕ್ಷಿಣೆಯಾಗಿ ಸುತ್ತುವುದೇ ರೂಢಿ. ಅಭ್ಯಾಸಬಲದಿಂದ ಪ್ರದಕ್ಷಿಣೆಗೆ ಹೊರಟವರು ಜನಪ್ರವಾಹಕ್ಕೆ ಎದುರಾಗಿ ಈಜಬೇಕಾಗುತ್ತದೆ!

ಬಳಿಕ ಕಾರುಗಳಲ್ಲಿ ಊರಿನ ಪಶ್ಚಿಮ ಭಾಗದ ವೆಸ್ಟ್‌ಮೋರ್‌ಲ್ಯಾಂಡ್ ಬಡಾವಣೆಗೆ ಹೋಗುತ್ತೇವೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಪತ್ರಕರ್ತ ಹರ್ಬರ್ಟ್ ಜೇಕಬ್ಸ್ ಕುಟುಂಬಕ್ಕೆ ಕಟ್ಟಿಕೊಟ್ಟ ಮನೆ ಅಲ್ಲಿದೆ. ತಗುಲಿದ್ದು ಬರೀ 5,500 ಡಾಲರ್. ಮನೆಯನ್ನು ಬೆಚ್ಚಗಿಡುವುದು ನೆಲದಡಿಯ ಕೊಳವೆಗಳು. 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ಈ ಮನೆ ಬೀದಿಗೆ ಬೆನ್ನು ಹಾಕಿ ಕುಳಿತಿದೆ. ಅಂದವೆಲ್ಲ ಹಿತ್ತಲಿನ ಕಡೆಗೆ. ‘ಇಷ್ಟೇನಾ?’ ಎನ್ನುವವರು ಇದ್ದೇ ಇರುತ್ತಾರೆ. ಖಾಸಗಿ ಮನೆಯಾದ್ದರಿಂದ ರಸ್ತೆಯಿಂದಲೇ ನೋಡಬೇಕು. ಹುಲ್ಲಿನ ಮೇಲೆ ಕಾಲಿಡುವುದು, ಕಿಟಕಿಗೆ ಮೊಬೈಲ್ ಹಿಡಿಯುವುದು ಬೇಡ. ಮಕ್ಕಳಿಗೂ ಮೊದಲೇ ಹೇಳಿಡಿ.

ಕೊನೆಗೆ ಶೋರ್‌ವುಡ್ ಹಿಲ್ಸ್‌ನಲ್ಲಿ ರೈಟ್ ಅವರೇ ವಿನ್ಯಾಸ ಮಾಡಿದ, ಯೂನಿಟೇರಿಯನ್ ಎಂಬ ಉದಾರ ಧಾರ್ಮಿಕ ಪಂಥದ ಸಭಾಮಂದಿರ. ಇದರ ಕಲ್ಲುಗಳನ್ನು ಆ ಪಂಥದ ಸ್ಥಳೀಯ ಸದಸ್ಯರೇ ಗಣಿಯಿಂದ ಹೊತ್ತು ತಂದರಂತೆ. ನನಗೆ ಮನೆಗಿಂತ ಇದೇ ಹೆಚ್ಚು ಇಷ್ಟ.

ಬುತ್ತಿ ನಿಮ್ಮದೇ. ಮೊಸರನ್ನ ನಾನು ತರುತ್ತೇನೆ, ಉಪ್ಪಿನಕಾಯಿ ಯಾರಾದರೂ ವಹಿಸಿಕೊಳ್ಳಿ. ಎಷ್ಟು ಜನ ಬರುತ್ತೀರೆಂದು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.